ಲಡಾಖಿಗೆ ಹೊರಟ ಬೈಕು

ನಮ್ಮ ಬ್ಯಾಂಕಿನ ಗೆಳೆಯ ಬೈಕಿನಲ್ಲಿ ಲಡಾಖಿಗೆ ಹೋಗುವುದು ಖಚಿತವಾದಂದಿನಿಂದ ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯ ನಮ್ಮ ಭಾನುವಾರದ ಕಾಫಿಗೆ ಬೇರೆ ವಿಷಯವೇ ಇಲ್ಲವಾಯಿತು. ಬೂಟು ಬಂತು, ಮೊಣಕಾಲಿಗೆ ಕವಚ ಬಂತು, ಎರಡೂ ಪಕ್ಕಕ್ಕೆ ಮದುವೆಯ ಟ್ರಂಕಿನಂಥ ಪೆಟ್ಟಿಗೆಗಳು ಬಂದವು. ಕೊನೆಗೆ, ಓಡಿಸುವಾಗ ತಾನೇ ಓದಿಕೊಳ್ಳಲು ಅನುಕೂಲವಾಗುವಂತೆ ಟ್ಯಾಂಕಿನ ಮೇಲೆ ಅಡ್ಡಲಾಗಿ “ಚಿಕ್ಕಬಳ್ಳಾಪುರದಿಂದ ಲಡಾಖಿಗೆ” ಎಂದು ಹಳದಿ ಬಣ್ಣದಲ್ಲಿ ಬರೆಸಿಕೊಂಡು ಬಂದ.

ಕನ್ನಡ ಮೇಷ್ಟ್ರು ಕನ್ನಡಕ ಏರಿಸಿ, “ಕಾಗುಣಿತ ತಪ್ಪಿಲ್ಲ” ಎಂದು ಪಾಸು ಮಾಡಿದರು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ರೀಲರ್ ಗೆಳೆಯನಿಗೆ ಅಷ್ಟು ಸಾಲದು. ರೇಷ್ಮೆಗೂಡನ್ನು ಕೈಯಲ್ಲಿ ಅದುಮಿ ನೋಡದೆ ಹರಾಜಿನಲ್ಲಿ ಬೆಲೆ ಹೇಳದವನು ಅವನು.

“ಮೇಲೆ ಚೆನ್ನಾಗಿದೆ. ಒಳಗೆ?”

“ಎಂಜಿನ್ ಆಯಿಲ್ ಹೋದ ವಾರವೇ ಬದಲಿಸಿದೆ. ಐನೂರು ಕಿಲೋಮೀಟರಿಗೇ ಕಪ್ಪಾಗಿದೆ ನೋಡು, ಮೋಸದ ಮಾಲು.”

“ಕಪ್ಪಾಗದಿದ್ದರೆ ಮೋಸ. ಒಳಗಿನ ಮಸಿಯನ್ನು ಮೈಗೆ ಬಳಿದುಕೊಳ್ಳುವುದೇ ಅದರ ಕೆಲಸ. ಪಾತ್ರೆ ತೊಳೆದ ನೀರು ತಿಳಿಯಾಗಿದ್ದರೆ ನಿಮ್ಮ ಅತ್ತೆ ಒಪ್ಪುತ್ತಾರೆಯೇ?”

ಎಂಜಿನ್ ಆಯಿಲಿನ ಮಾತು ಬಂದಾಗ ನಾನು ಕಾಫಿ ಲೋಟದೊಳಗೆ ಇಣುಕುತ್ತೇನೆ. ಭಾವನ ಕಾರಿಗೆ ಹಾಕಿ ಉಳಿದ ಆಯಿಲನ್ನು ಉಳಿತಾಯವೆಂದು ನನ್ನ ಬೈಕಿಗೆ ಸುರಿದವನು ನಾನು. ಹೆಚ್ಚಿನ ಬೈಕುಗಳಲ್ಲಿ ಎಂಜಿನ್, ಗೇರು, ಕ್ಲಚ್ಚು ಮೂರಕ್ಕೂ ಒಂದೇ ಆಯಿಲ್. ಕಾರಿನ ಆಯಿಲಿನಲ್ಲಿ ಜಾರಿಕೆ ಹೆಚ್ಚಿಸುವ ಮದ್ದು ಬೆರೆತಿದ್ದರೆ ಕ್ಲಚ್ಚಿನ ತಟ್ಟೆಗಳು ಒಂದನ್ನೊಂದು ಹಿಡಿಯುವುದೇ ಇಲ್ಲ. ಡಬ್ಬಿಯ ಮೇಲೆ ಬೈಕಿನ ಕ್ಲಚ್ಚಿಗೆ ಒಗ್ಗುತ್ತದೆ ಎನ್ನುವ ‘ಜಾಸೊ ಎಂಎ’ ಗುರುತಿರಬೇಕು ಎಂಬುದು ನನಗೆ ತಿಳಿದದ್ದು ನಂದಿ ಬೆಟ್ಟದ ಅರ್ಧ ದಾರಿಯಲ್ಲಿ. ಎಂಜಿನ್ ಹುಲಿಯಂತೆ ಗರ್ಜಿಸುತ್ತಿತ್ತು, ಬೈಕು ಬಸವನಂತೆ ನಿಂತಿತ್ತು. ಆ ಬೆಟ್ಟದಲ್ಲಿ ಅದಕ್ಕಿಂತ ಸೂಕ್ತ ಭಂಗಿ ಇಲ್ಲ ಎಂದು ಮೇಷ್ಟ್ರು ಇಂದಿಗೂ ಹೇಳುತ್ತಾರೆ.

“ಕೂಲೆಂಟ್?”

“ಕಡಿಮೆಯಾಗಿತ್ತು. ಮನೆಯ ನಲ್ಲಿ ನೀರು ತುಂಬಿಸಿದೆ.”

ರೀಲರ್ ಹಣೆ ಹಣೆ ಬಡಿದುಕೊಂಡ. “ನಮ್ಮ ಬೋರ್‌ವೆಲ್ ನೀರು ಕಾಯಿಸಿದ ಹಂಡೆಯ ಒಳಗೆ ಸುಣ್ಣ ಬಳಿದಂತಾಗುತ್ತದೆ. ಇನ್ನು ರೇಡಿಯೇಟರಿನ ಸಣ್ಣ ಕೊಳವೆಗಳ ಗತಿ? ಸಾಲದ್ದಕ್ಕೆ ಲಡಾಖಿನ ಚಳಿಯಲ್ಲಿ ಬರೀ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ರೇಡಿಯೇಟರ್ ಬಿರಿಯುತ್ತದೆ. ಹೋಗಲಿ, ಬ್ರೇಕ್ ಆಯಿಲ್?”

“ಅದನ್ನೂ ಬದಲಿಸಬೇಕೇ? ನಾಲ್ಕು ವರ್ಷದಿಂದ ಬ್ರೇಕು ಚೆನ್ನಾಗಿಯೇ ಹಿಡಿಯುತ್ತಿದೆ.”

ಈಗ ಮೇಷ್ಟ್ರೂ ಲೋಟ ಕೆಳಗಿಟ್ಟರು. ರೀಲರ್ ಪಾಠ ಶುರುಮಾಡಿದ. ಬ್ರೇಕ್ ಆಯಿಲ್ ಮಳೆಗಾಲದ ಉಪ್ಪಿನ ಡಬ್ಬಿಯಂತೆ. ಗಾಳಿಯ ತೇವವನ್ನು ಸದ್ದಿಲ್ಲದೆ ಕುಡಿಯುತ್ತದೆ. ‘ಡಾಟ್ 4’ ದರ್ಜೆಯ ಹೊಸ ಬ್ರೇಕ್ ಆಯಿಲ್ ಕುದಿಯಬೇಕಾದರೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ನೀರು ಕುಡಿದದ್ದಕ್ಕೆ ನಿಗದಿಯಾದ ಕನಿಷ್ಠ ಮಟ್ಟ 155. ಬೆಟ್ಟ ಇಳಿಯುವಾಗ ಒಂದೇ ಸಮನೆ ಬ್ರೇಕು ಒತ್ತಿ ಹಿಡಿದರೆ ಆ ಕಾವು ದೊಡ್ಡದೇನಲ್ಲ. ಒಳಗೆ ಕುದಿದು ಆವಿಯಾದರೆ ನೀನು ಒತ್ತುವುದು ಆವಿಯನ್ನೇ. ಲಿವರ್ ಹಿಡಿಯವರೆಗೂ ಬರುತ್ತದೆ, ಬೈಕು ನಿಲ್ಲುವುದಿಲ್ಲ. “ಎರಡು ವರ್ಷಕ್ಕೊಮ್ಮೆ ಬದಲಿಸು ಎನ್ನುವುದು ಅದಕ್ಕೇ. ನಾವಿಲ್ಲಿ ಕಾಫಿ ಕುಡಿಯುತ್ತಾ ನಿನ್ನ ಫೋನಿಗೆ ಕಾಯಬೇಕೇ?”

ಬೈಕಿನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ಬಿಚ್ಚಿ ನೋಡಿದರೆ ತಿಳಿಜೇನಿನ ಬಣ್ಣವಿರಬೇಕಾದದ್ದು ನಮ್ಮ ಲೋಟದ ತಳದ ಡಿಕಾಕ್ಷನ್ನಿನಂತಿತ್ತು. ಸೀಲು ಒಡೆಯದ ಹೊಸ ಬಾಟಲಿ ಎದುರಿನ ಅಂಗಡಿಯಿಂದ ಬಂತು. ರೀಲರ್ ಚಕ್ರದ ಬಳಿ ಕುಕ್ಕರಗಾಲಿನಲ್ಲಿ ಕುಳಿತು ಬ್ರೇಕಿನ ಕ್ಯಾಲಿಪರಿನಲ್ಲಿ ಹಳೆ ಆಯಿಲ್ ಹೊರಬಿಡುವ ನಿಪ್ಪಲಿಗೆ ಸ್ಪ್ಯಾನರ್ ಹಾಕಿದ. ಮೇಷ್ಟ್ರಿಗೆ ಲಿವರಿನ ಹೊಣೆ. “ಒತ್ತಿ... ಹಿಡಿಯಿರಿ... ಈಗ ಬಿಡಿ” ಎಂದರೆ ಅವರು ಲಘು, ಗುರು ಎಂದು ಪ್ರಸ್ತಾರ ಹಾಕುತ್ತಲೇ ಒತ್ತಿದರು. ಡಬ್ಬಿ ಬರಿದಾಗಿ ಗಾಳಿ ಒಳನುಗ್ಗದಂತೆ ಮೇಲಿನಿಂದ ಸುರಿಯುತ್ತಿರುವುದು ನನ್ನ ಕೆಲಸ. ಬೈಕಿನ ಯಜಮಾನನಿಗೆ ಫೋಟೊ ತೆಗೆಯುವ ಕೆಲಸ.

ಕಪ್ಪು ಹೋಗಿ ಹೊಸ ಬಣ್ಣ ಇಳಿಯುವ ಹೊತ್ತಿಗೆ ನನ್ನ ಕೈಯಿಂದ ಒಂದಿಷ್ಟು ಟ್ಯಾಂಕಿನ ಮೇಲೆ ಬಿತ್ತು. ಬ್ರೇಕ್ ಆಯಿಲ್ ಬಣ್ಣಕ್ಕೆ ವಿಷ, ಬಿದ್ದ ತಕ್ಷಣ ನೀರು ಹಾಕಿ ತೊಳೆಯಬೇಕು ಎಂದು ರೀಲರ್ ಹೇಳಿದ. ಹೇಳಿದ್ದು ಆಮೇಲೆ. ಅಷ್ಟರಲ್ಲಿ ನಾನು ಬಲಗಡೆಯಿಂದ ಎಡಗಡೆಗೆ ಕರವಸ್ತ್ರದಿಂದ ಭಕ್ತಿಯಿಂದ ಉಜ್ಜಿ ಮುಗಿಸಿದ್ದೆ. ಕರವಸ್ತ್ರ ಹಳದಿಯಾಗಿತ್ತು. ಟ್ಯಾಂಕಿನ ಮೇಲೆ “ಚಿಕ್ಕಬಳ್ಳಾಪುರದಿಂದ” ಮಾತ್ರ ಉಳಿದಿತ್ತು.

ಯಾರೂ ಉಸಿರೆತ್ತಲಿಲ್ಲ. ಮೇಷ್ಟ್ರು ಬಗ್ಗಿ ಓದಿ, “ಚತುರ್ಥಿ ಅಳಿಸಿಹೋಯಿತು, ತೃತೀಯೆ ಉಳಿಯಿತು” ಎಂದರು.

ನೆಲದಿಂದ ರೀಲರಿನ ಧ್ವನಿ ಬಂತು: “ಊರಿನಿಂದ ಹೊರಡುವುದು ಪಂಚಮಿಯಲ್ಲವೇ ಮೇಷ್ಟ್ರೇ? ಹೈಸ್ಕೂಲಿನಲ್ಲಿ ನೀವೇ ಹೇಳಿಕೊಟ್ಟದ್ದು.”

ಮೇಷ್ಟ್ರು ಲಿವರ್ ಬಿಟ್ಟು, ಕೈ ಒರೆಸಿಕೊಂಡು, ಮತ್ತೆ ನಾಲ್ಕು ಕಾಫಿ ಹೇಳಿದರು.