ಮನೆಯವರು ಒಂದು ವರ್ಷ ಯುಎನ್ ಮಿಷನ್‌ಗೆ: ಹೊರಡುವ ಮೊದಲು ಏನೇನು ಮಾಡಿಸಿಕೊಳ್ಳಬೇಕು?

ಫೌಜಿಮನೆ_ಹಾಸನ
ನಮ್ಮ ಯಜಮಾನರ ಬೆಟಾಲಿಯನ್ ವಿಶ್ವಸಂಸ್ಥೆಯ ಶಾಂತಿಪಾಲನೆಗೆಂದು ದಕ್ಷಿಣ ಸುಡಾನ್‌ಗೆ, ಮಲಕಾಲ್ ಕಡೆಗೆ ಹೊರಡುತ್ತಿದೆ. ಅವರ ಸಂಬಳದ ಖಾತೆ, ಮನೆ ಸಾಲದ ಇಎಂಐ, ಆಧಾರ್, ಗ್ಯಾಸ್ ಎಲ್ಲವೂ ಅವರ ಒಂದೇ ನಂಬರಿಗೆ ಜೋಡಣೆಯಾಗಿದೆ. ಮನೆಯಲ್ಲಿ ನಾಲ್ಕು ವರ್ಷದ ಮಗ ಇದ್ದಾನೆ, ಬಿಪಿ ಇರುವ ಅತ್ತೆ ಇದ್ದಾರೆ. ಊರಿನ ಜಮೀನಿನ ಪೋಡಿ (ಅಳೆದು ಭಾಗ ಬೇರೆ ಮಾಡಿಸುವ) ಕೆಲಸವೂ ಅರ್ಧಕ್ಕೆ ನಿಂತಿದೆ. ಅವರು ಇರುವಾಗಲೇ ಮುಗಿಸಬೇಕಾದ್ದು ಯಾವುದು, ಆಮೇಲೆ ನಾನೊಬ್ಬಳೇ ಮಾಡಬಹುದಾದ್ದು ಯಾವುದು?

ನಿವೃತ್ತ_ಕ್ಲರ್ಕ್
ತಂಗಿ, ಮೊದಲು ಬ್ಯಾಂಕ್ ಕೆಲಸ ನೋಡಿ. ಹೆಚ್ಚಿನವರು ಎಟಿಎಂ ಕಾರ್ಡ್, ಪಿನ್ ಕೊಟ್ಟು ಹೊರಡುತ್ತಾರೆ, ಆದರೆ ಒಟಿಪಿ ಹೋಗುವುದು ಅವರ ಫೋನಿಗೇ. ಸಂಬಳದ ಖಾತೆಗೆ ನಿಮ್ಮ ಹೆಸರು ಸೇರಿಸಲು ಕೇಳಿ. ಆಗುವುದಿಲ್ಲ ಎಂದರೆ ಬೇರೆ ಜಂಟಿ ಖಾತೆ ತೆರೆಯಿರಿ. ಅದು 'ಈದರ್ ಆರ್ ಸರ್ವೈವರ್' ಆಗಿರಲಿ, ಅಂದರೆ ಇಬ್ಬರಲ್ಲಿ ಯಾರು ಬೇಕಾದರೂ ನಡೆಸಬಹುದು. 'ಫಾರ್ಮರ್ ಆರ್ ಸರ್ವೈವರ್' ಹಾಕಿದರೆ, ಮೊದಲ ಹೆಸರಿನವರಾದ ಅವರು ಬದುಕಿರುವವರೆಗೆ ನೀವು ಅದನ್ನು ನಡೆಸಲು ಬರುವುದಿಲ್ಲ. ಫಾರಂ ತುಂಬುವವರು ಕೇಳದೆಯೇ ಟಿಕ್ ಹಾಕಿಬಿಡುತ್ತಾರೆ, ಸಹಿಗೆ ಮುಂಚೆ ಆ ಸಾಲು ಓದಿ. ನಿಮ್ಮ ಕಸ್ಟಮರ್ ಐಡಿಗೆ ನಿಮ್ಮದೇ ಮೊಬೈಲ್ ನಂಬರ್, ನಿಮ್ಮದೇ ಕಾರ್ಡ್ ಇರಬೇಕು. ಇಎಂಐ ತಾರೀಕು ಸಂಬಳ ಬಿದ್ದು ಎರಡು ಮೂರು ದಿನ ಬಿಟ್ಟು ಇಡಿಸಿ. ಅದೇ ದಿನ ಇಟ್ಟರೆ, ಸಂಬಳ ಒಂದು ದಿನ ತಡವಾದರೂ ಬೌನ್ಸ್ ಆಗಿ ದಂಡ ಬೀಳುತ್ತದೆ.

ಅವರ ಸಿಮ್ ಪ್ರೀಪೇಯ್ಡ್ ಆಗಿದ್ದರೆ ಜೋಪಾನ. 90 ದಿನ ಬಳಕೆಯೇ ಇಲ್ಲದೆ, ಬ್ಯಾಲೆನ್ಸೂ ಇಲ್ಲದೆ ಬಿದ್ದಿದ್ದರೆ ನಂಬರ್ ಹೋಗಬಹುದು. ಆಧಾರ್ ಜೋಡಣೆಯಾದ ನಂಬರ್ ಹೋದರೆ ಆಮೇಲಿನ ಓಡಾಟ ಬೇಡವೇ ಬೇಡ. ನೀವೇ ರೀಚಾರ್ಜ್ ಮಾಡುತ್ತಿರಿ. ಸಿಮ್ ಅವರ ಜೊತೆಗೇ ಹೋಗುವುದಾದರೆ ಅಂತಾರಾಷ್ಟ್ರೀಯ ರೋಮಿಂಗ್ ಇಲ್ಲಿದ್ದಾಗಲೇ ಚಾಲೂ ಮಾಡಿಸಿ.

ಪಾರ್ಟ್ ಟು ಆರ್ಡರ್‌ನಲ್ಲಿ (ಕುಟುಂಬದ ವಿವರ ದಾಖಲಾಗುವ ಸೇನೆಯ ಆದೇಶ) ನಿಮ್ಮದು, ಮಗುವಿನದು, ಅತ್ತೆಯದು ಹೆಸರು, ಹುಟ್ಟಿದ ದಿನ ಆಧಾರ್‌ನಲ್ಲಿ ಇದ್ದಂತೆಯೇ ಇದೆಯೇ ಎಂದು ಅವರ ಕೈಯಲ್ಲೇ ನೋಡಿಸಿ. ಒಂದು ಅಕ್ಷರ ತಪ್ಪಿದ್ದರೂ ಡಿಪೆಂಡೆಂಟ್ ಕಾರ್ಡ್ ನಿಲ್ಲುತ್ತದೆ, ಕಾರ್ಡ್ ಇಲ್ಲದೆ ಮಿಲಿಟರಿ ಆಸ್ಪತ್ರೆಯ ಕೌಂಟರ್‌ನಲ್ಲಿ ವಾದ ಮಾಡಿ ಪ್ರಯೋಜನವಿಲ್ಲ. ನಾಮಿನೇಷನ್‌ಗಳನ್ನೂ ಅದೇ ದಿನ ನೋಡಿಬಿಡಲಿ. ಮದುವೆಗೆ ಮುಂಚಿನ ನಾಮಿನಿ ಹಾಗೇ ಉಳಿದಿರುವುದು ಬಹಳ ಸಾಮಾನ್ಯ.

ಪೋಡಿಗೆ ಜಿಪಿಎ (ಎಲ್ಲ ವ್ಯವಹಾರಕ್ಕೂ ಕೊಡುವ ಅಧಿಕಾರ ಪತ್ರ) ಬೇಡ, ಆ ಕೆಲಸಕ್ಕೆ ಮಾತ್ರದ ಅಧಿಕಾರ ಪತ್ರ ಸಾಕು. ಸರ್ವೆ ನಂಬರ್, ಏನೇನು ಮಾಡಬಹುದು ಎಲ್ಲ ಬರೆಸಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿ. ಈಗ ತಪ್ಪಿದರೆ ಅವರು ಅಲ್ಲಿಯ ರಾಜಧಾನಿ ಜುಬಾದ ನಮ್ಮ ರಾಯಭಾರ ಕಚೇರಿಗೆ ಹೋಗಿ ಸಹಿ ಹಾಕಬೇಕು, ಆ ಪತ್ರ ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಮಲಕಾಲ್‌ನಲ್ಲಿ ಇರುವವರಿಗೆ ಜುಬಾ ಪಕ್ಕದೂರಲ್ಲ. ಬರೆದುಕೊಟ್ಟವರು ತೀರಿಕೊಂಡರೆ ಆ ಪತ್ರಕ್ಕೆ ಬೆಲೆ ಇಲ್ಲ, ಹಾಗಾಗಿ ವಿಲ್ ಬೇರೆಯೇ ಇರಲಿ. ಈ ಮಾತು ಮನೆಯಲ್ಲಿ ಎತ್ತಲು ಯಾರಿಗೂ ಇಷ್ಟವಿರುವುದಿಲ್ಲ, ಆದರೂ ಎತ್ತಿ.

ಕಾವೇರಿ_ತೀರ
ಕಾಗದದ ಮಾತು ಅಣ್ಣ ಹೇಳಿದರು, ನಾನು ಫೋನಿನದು ಹೇಳುತ್ತೇನೆ. ಅಲ್ಲಿಯ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ಮಗ ಬೆಳಿಗ್ಗೆ ಎಂಟಕ್ಕೆ ಶಾಲೆಗೆ ಹೊರಡುವಾಗ ಅವರಿಗೆ ನಾಲ್ಕೂವರೆ. ರಾತ್ರಿ ಎಂಟೂವರೆಗೆ ಅಲ್ಲಿ ಸಂಜೆ ಐದು, ಹೊಂದುವುದು ಆ ಹೊತ್ತೇ. ಆದರೂ 'ದಿನಾ ಎಂಟೂವರೆಗೆ ಅಪ್ಪ ಫೋನ್ ಮಾಡ್ತಾರೆ' ಅಂತ ಮಗುವಿಗೆ ಮಾತು ಕೊಡಬೇಡಿ. ಗಸ್ತು ತಡವಾಗುತ್ತದೆ, ಮಳೆಗಾಲದಲ್ಲಿ ನೆಟ್ ಬೀಳುತ್ತದೆ. ಫೋನ್ ಬಾರದ ದಿನ ಅವನು ಮಲಗುವುದಿಲ್ಲ. 'ಬಂದರೆ ಮಾತಾಡೋಣ, ಇಲ್ಲದಿದ್ದರೆ ವಾಯ್ಸ್ ಕಳಿಸೋಣ' ಅನ್ನಿ.

ವಾಯ್ಸ್ ಮೆಸೇಜೇ ಹೆಚ್ಚು ನಂಬಿಕೆಗೆ ಬರುವುದು. ಒಂದೆರಡು ನಿಮಿಷದ್ದಾದರೆ ನೆಟ್ ಸಿಕ್ಕ ಕೂಡಲೇ ಹೋಗುತ್ತದೆ. ಒಂದೇ ಟಿಕ್ ಇದ್ದರೆ ಅವರ ಫೋನಿಗೆ ಇನ್ನೂ ತಲುಪಿಲ್ಲ ಅಂತಷ್ಟೇ ಅರ್ಥ. ಘಟಕದಲ್ಲಿ ಯಾರಿಗಾದರೂ ಏನಾದರೂ ಆದರೆ, ಆ ಮನೆಗೆ ಅಧಿಕೃತವಾಗಿ ತಿಳಿಸುವವರೆಗೆ ಎಲ್ಲರ ಫೋನೂ ನಿಲ್ಲಿಸುವುದು ಬಹಳ ಸೇನೆಗಳಲ್ಲಿರುವ ಪದ್ಧತಿ. ಆಗ ಹೆಂಗಸರ ಗ್ರೂಪಿನಲ್ಲಿ 'ನಿಮ್ಮವರು ಮಾತಾಡಿದ್ರಾ?' ಅಂತ ಶುರು ಮಾಡಬೇಡಿ, ಹತ್ತು ನಿಮಿಷಕ್ಕೆ ಅದೇ ಸುದ್ದಿಯಾಗಿ ತಿರುಗುತ್ತದೆ.

ನಾಲ್ಕು ವರ್ಷದವನಿಗೆ 'ಅಪ್ಪನ ಹತ್ರ ಮಾತಾಡು' ಅಂದರೆ ಬಾಯಿ ಬರುವುದಿಲ್ಲ, ಕ್ಯಾಮೆರಾ ಮುಂದೆ ಓಡಾಡಿ ಹೋಗುತ್ತಾನೆ. ಅವನ ಕೈಗೆ ಬಿಡಿಸಿದ ಚಿತ್ರ, ಮುರಿದ ಕಾರು, ಏನಾದರೂ ತೋರಿಸಲು ಕೊಡಿ. ಊಟಕ್ಕೆ ಮೊದಲಿನ ಹಸಿವಿನ ಹೊತ್ತಲ್ಲಿ ವಿಡಿಯೋ ಬೇಡ. ಹೊರಡುವ ಮೊದಲು ಅವರು ಕಥೆ ಓದುವ ವಿಡಿಯೋಗಳನ್ನು ರೆಕಾರ್ಡ್ ಮಾಡಿ ನಿಮ್ಮ ಫೋನಿನಲ್ಲೇ ಇಟ್ಟುಕೊಳ್ಳಿ. ಹೊರಡುವ ದಿನ, ವಿಮಾನ, ರಜೆಯ ತಾರೀಕು ಸ್ಟೇಟಸ್‌ಗೆ ಹಾಕಬೇಡಿ, ಮನೆಯಲ್ಲಿ ಗಂಡಸಿಲ್ಲ ಎಂದು ಊರಿಗೆಲ್ಲ ಸಾರಿದಂತಾಗುತ್ತದೆ.

ಫೌಜಿಮನೆ_ಹಾಸನ
ಅತ್ತೆಗೆ ರಾತ್ರೋರಾತ್ರಿ ಸೀರಿಯಸ್ ಆದರೆ ಯಾರಿಗೆ ಹೇಳುವುದು? ಅವರು ರಜೆಗೆ ಬಂದಾಗ ಜ್ವರ ಬಂದರೆ ಅಪಾಯ ಅಂತಲೂ ಕೆಲವರು ಹೆದರಿಸುತ್ತಾರೆ, ನಿಜವೇ?

ನಿವೃತ್ತ_ಕ್ಲರ್ಕ್
ರಿಯರ್ ಪಾರ್ಟಿಯ (ಬೆಟಾಲಿಯನ್ ಹೋದ ಮೇಲೆ ಇಲ್ಲೇ ಉಳಿಯುವ ತಂಡ) ನಂಬರ್ ಗೋಡೆ ಮೇಲೆ ಬರೆದಿಡಿ. ಅವರ ಆರ್ಮಿ ನಂಬರ್, ರ‍್ಯಾಂಕ್, ಹೆಸರು, ಕಂಪನಿ, ಅತ್ತೆ ಇರುವ ಆಸ್ಪತ್ರೆ, ವೈದ್ಯರ ಫೋನ್ ಇಷ್ಟು ಒಂದೇ ಸಲಕ್ಕೆ ಹೇಳಬೇಕು. ವೈದ್ಯರು ಬರೆದುಕೊಟ್ಟ ಪತ್ರದ ಫೋಟೋ ಕಳಿಸಿ, 'ತುಂಬಾ ಸೀರಿಯಸ್' ಎಂಬ ಮಾತಿನ ಮೇಲೆ ರಜೆ ಸಿಗುವುದು ಕಷ್ಟ. ಸಿಕ್ಕರೂ ಮಲಕಾಲ್‌ನಿಂದ ಜುಬಾ, ಅಲ್ಲಿಂದ ಇಲ್ಲಿಗೆ ಅಂದರೆ ದಿನಗಳೇ ಹಿಡಿಯಬಹುದು. ಆಪರೇಷನ್‌ಗೆ ಸಹಿ ಯಾರು ಹಾಕಬೇಕು, ಕೊನೆಯ ಕಾರ್ಯ ಯಾರು ಮಾಡಬೇಕು ಎಂಬುದನ್ನು ಅಣ್ಣ ತಮ್ಮಂದಿರ ಎದುರು ಈಗಲೇ ಮಾತಾಡಿಕೊಳ್ಳಿ.

ವಾರ್ಡ್_ಸಿಸ್ಟರ್
ಜ್ವರದ ಮಾತು ನಿಜ. ಅಲ್ಲಿಯ ಮಲೇರಿಯಾ ಹೆಚ್ಚಾಗಿ ಫಾಲ್ಸಿಪ್ಯಾರಂ ಎಂಬ ಅಪಾಯದ ಬಗೆ, ಒಂದೆರಡು ದಿನದಲ್ಲೇ ಕೈಮೀರಬಹುದು. ಮಲೇರಿಯಾ ತಡೆಗೆ ಡಾಕ್ಸಿಸೈಕ್ಲಿನ್ ಗುಳಿಗೆ ಕೊಟ್ಟಿದ್ದರೆ ಆ ಪ್ರದೇಶ ಬಿಟ್ಟ ಮೇಲೂ ನಾಲ್ಕು ವಾರ ದಿನಾ ತೆಗೆದುಕೊಳ್ಳಬೇಕು. ಮನೆಗೆ ಬಂದ ಮೇಲೆ ಸೊಳ್ಳೆ ಇಲ್ಲವಲ್ಲ ಅಂತ ಬಿಟ್ಟುಬಿಡುವುದೇ ದೊಡ್ಡ ತಪ್ಪು, ಯಕೃತ್ತಿನಿಂದ ತಡವಾಗಿ ಹೊರಬರುವ ರೋಗಾಣುವಿಗಾಗಿಯೇ ಆ ನಾಲ್ಕು ವಾರ. ಊಟವಾದ ಮೇಲೆ ತುಂಬಿದ ಲೋಟ ನೀರಿನ ಜೊತೆ ನುಂಗಲಿ, ತಕ್ಷಣ ಮಲಗಬಾರದು. ಗುಳಿಗೆ ಅನ್ನನಾಳದಲ್ಲೇ ಕೂತು ಹುಣ್ಣು ಮಾಡುತ್ತದೆ.

ಬಂದು ಮೂರು ತಿಂಗಳೊಳಗೆ ಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆ. ಚೀಟಿ ಬರೆಯುವ ಮೊದಲೇ 'ಆಫ್ರಿಕಾದಿಂದ ಬಂದವರು' ಎಂದು ಹೇಳಿ, ಇಲ್ಲದಿದ್ದರೆ ವೈರಲ್ ಅಂತ ಪ್ಯಾರಾಸಿಟಮಾಲ್ ಕೊಟ್ಟು ಕಳಿಸುತ್ತಾರೆ. ಮೊದಲ ಪರೀಕ್ಷೆ ನೆಗೆಟಿವ್ ಬಂದರೂ ಜ್ವರ ಇಳಿಯದಿದ್ದರೆ ಮತ್ತೆ ಮಾಡಿಸಿ. ಹಳದಿ ಜ್ವರದ ಲಸಿಕೆಯ ಹಳದಿ ಪುಸ್ತಕವನ್ನು ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳಲು ಹೇಳಿ. ಅದಿಲ್ಲದೆ ಇಳಿದರೆ ವಿಮಾನ ನಿಲ್ದಾಣದಲ್ಲೇ ತಡೆದು ಆರು ದಿನದವರೆಗೆ ಕ್ವಾರಂಟೈನ್ ಮಾಡಬಹುದು, ಇರುವ ರಜೆಯಲ್ಲೇ ಅದು ಕಳೆಯುತ್ತದೆ.