ಸೂಜಿ ಏರಿಸಿಕೊಳ್ಳುವ ಹುಡುಗರ ಹತ್ತಿರ ಹೋಗುವುದು ಹೇಗೆ? ಅನುಭವ ಇರುವವರು ಹೇಳಿ

ಪ್ರಶ್ನೆ:
ಬೆಂಗಳೂರಲ್ಲಿ ಔಟ್‌ರೀಚ್ ಕೆಲಸಕ್ಕೆ ಸೇರಿ ಮೂರು ವಾರ ಆಯಿತು. ನೋವಿನ ಮಾತ್ರೆ ಪುಡಿ ಮಾಡಿ ನರಕ್ಕೆ ಏರಿಸಿಕೊಳ್ಳುವ ಹುಡುಗರಿಗೆ ಹೊಸ ಸಿರಿಂಜ್ ಕೊಡಬೇಕು, ಎಚ್‌ಐವಿ ಪರೀಕ್ಷೆಗೆ ಕರೆತರಬೇಕು. ನನ್ನನ್ನು ಕಂಡರೆ ಎದ್ದು ಹೋಗುತ್ತಾರೆ. ಅಂಗಡಿಯವರು ಬೇರೆ, "ನೀವೇ ಸೂಜಿ ಕೊಟ್ಟು ಹಾಳು ಮಾಡ್ತಿದ್ದೀರಾ" ಅಂತ ಬೈಯುತ್ತಾರೆ. ಏನು ಮಾಡಲಿ?

ಹಳೇ ಔಟ್‌ರೀಚ್ ಕಾರ್ಯಕರ್ತೆಯ ಉತ್ತರ:
ಮೂರು ವಾರ ಏನೇನೂ ಅಲ್ಲ ತಂಗಿ. ನನ್ನ ಜೊತೆ ಮೊದಲ ಹುಡುಗ ಮಾತಾಡಿದ್ದು ಎರಡನೇ ತಿಂಗಳಲ್ಲಿ. ಅದೂ ಸಿರಿಂಜ್‌ಗಾಗಿ ಅಲ್ಲ, ಗಾಯಕ್ಕಾಗಿ. ಏಪ್ರಿಲ್ ಬಿಸಿಲಲ್ಲಿ ತುಂಬು ತೋಳಿನ ಶರ್ಟ್ ಹಾಕಿದ್ದ. ತೋಳು ಮಡಚಿದರೆ ಮೊಣಕೈ ಹತ್ತಿರ ನಿಂಬೆಹಣ್ಣಿನ ಗಾತ್ರ ಕೀವು ಕಟ್ಟಿತ್ತು. ಆಸ್ಪತ್ರೆಯಲ್ಲಿ ಬೈತಾರೆ ಅಂತ ಹತ್ತು ದಿನದಿಂದ ಮುಚ್ಚಿಟ್ಟುಕೊಂಡಿದ್ದ. ಚೀಟಿ ಮಾಡಿಸಿ ಸಾಲಲ್ಲಿ ಅವನ ಪಕ್ಕ ನಿಂತೆ. ಕೀವು ತೆಗೆಸಿದ ಮೇಲೆ ದಿನಾ ಡ್ರೆಸ್ಸಿಂಗ್‌ಗೂ ಹೋದೆವು. ಐದನೇ ದಿನ ಅವನೇ ಇನ್ನಿಬ್ಬರನ್ನು ಕರೆತಂದ.

ಅದಕ್ಕೇ ಹೇಳುವುದು, ಮೊದಲು ಗಾಯ ಕೇಳಿ. "ಬಿಟ್ಟುಬಿಡು" ಅನ್ನುವ ಮಾತನ್ನು ಅವರು ಮನೆಯಲ್ಲಿ ದಿನಾ ಕೇಳಿರುತ್ತಾರೆ. ದಿನಾ ಒಂದೇ ಹೊತ್ತಿಗೆ, ಒಂದೇ ಜಾಗಕ್ಕೆ ಹೋಗಿ. ರಿಜಿಸ್ಟರ್ ಬ್ಯಾಗಿನಿಂದ ಹೊರಗೆ ತೆಗೆಯಬೇಡಿ, ಬರೆಯುವವರನ್ನು ಕಂಡರೆ ಪೊಲೀಸರು ಅಂದುಕೊಳ್ಳುತ್ತಾರೆ. ಮಾತು ಶುರುವಾದ ಮೇಲೆ ಒಂದು ವಿಷಯ ಮರೆಯದೆ ಹೇಳಿ. ಸೂಜಿ ಬೇರೆಯಾದರೂ ಪುಡಿ ಕರಗಿಸುವ ಚಮಚ, ಸೋಸುವ ಹತ್ತಿ, ನೀರು ಒಂದೇ ಆದರೆ ಲಿವರ್ ಕೆಡಿಸುವ ಹೆಪಟೈಟಿಸ್ ಸಿ ಅಂಟಬಹುದು. ಇದು ಬಹಳ ಹುಡುಗರಿಗೆ ಗೊತ್ತಿಲ್ಲ. ಈ ಕಾಯಿಲೆಗೆ ಸರ್ಕಾರದ ಕಾರ್ಯಕ್ರಮದಲ್ಲಿ 2018ರಿಂದ ಉಚಿತ ಔಷಧಿ ಇದೆ. ಸಾಮಾನ್ಯವಾಗಿ 12 ವಾರದ ಮಾತ್ರೆ.

ಅಂಗಡಿಯವರ ಜೊತೆ ವಾದ ಬೇಡ. ನಾನು ಟೀ ಅಂಗಡಿ ಹಿಂದಿನ ಚರಂಡಿಯಿಂದ ಇಕ್ಕಳದಲ್ಲಿ ಹಳೇ ಸೂಜಿ ಆರಿಸಿ ಗಟ್ಟಿ ಡಬ್ಬಕ್ಕೆ ಹಾಕುತ್ತಿದ್ದೆ. ಅಂಗಡಿಯವರು ಒಂದು ವಾರ ಸುಮ್ನೆ ನೋಡಿದರು. ಅವರ ಮೊಮ್ಮಗಳು ಅಲ್ಲೇ ಆಡುತ್ತಿದ್ದಳು. ಆಮೇಲೆ ಅವರೇ "ಇಲ್ಲೊಂದು ಬಿದ್ದಿದೆ ನೋಡಮ್ಮ" ಅನ್ನತೊಡಗಿದರು. ಪೊಲೀಸರು ಕೇಳಿದರೆ 2017ರ ಎಚ್‌ಐವಿ ಕಾಯ್ದೆಯ 22ನೇ ಕಲಂ ನೆನಪಿರಲಿ. ಸರ್ಕಾರದ ಮಾರ್ಗಸೂಚಿ ಪ್ರಕಾರ ಸೋಂಕು ತಡೆಯಲು ಮಾಡುವ ಈ ಕೆಲಸ ಅಪರಾಧ ಅಲ್ಲ. ಐಡಿ ಕಾರ್ಡ್ ಕೊರಳಲ್ಲೇ ಇರಲಿ.

ಒಬ್ಬ ನರ್ಸ್:
ನಿಮ್ಮ ಕೈಗೇ ಸೂಜಿ ಚುಚ್ಚಿದರೆ ಹಿಸುಕಬೇಡಿ. ಸೋಪು ನೀರಲ್ಲಿ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆ ಒಳಗೆ ಶುರುವಾಗಬೇಕು, ಬೇಗ ಆದಷ್ಟೂ ಒಳ್ಳೆಯದು.

ಇನ್ನು ಓಎಸ್‌ಟಿ ವಿಷಯ, ಅಂದರೆ ಸೂಜಿಯ ಬದಲು ಬಾಯಿಗೆ ಮಾತ್ರೆ ಕೊಡುವ ಚಿಕಿತ್ಸೆ. ಅದಕ್ಕೆ ಕೊಡುವ ಬ್ಯುಪ್ರೆನಾರ್ಫಿನ್ ಮಾತ್ರೆಯನ್ನು ನಾವು ಪುಡಿ ಮಾಡಿ ನಾಲಿಗೆ ಅಡಿ ಇಡುತ್ತೇವೆ. ಆದರೆ ಈಗಷ್ಟೇ ಸೂಜಿ ಏರಿಸಿಕೊಂಡು ಬಂದವನಿಗೆ ಮೊದಲ ಡೋಸ್ ಕೊಡುವಂತಿಲ್ಲ, ಕೊಟ್ಟರೆ ಒದ್ದಾಟ ಜಾಸ್ತಿಯಾಗುತ್ತದೆ. ಹಳೇ ಅಮಲು ಇಳಿದು ಆಕಳಿಕೆ, ಮೂಗು ಸೋರುವುದು, ಮೈಕೈ ನೋವು ಶುರುವಾಗಿರಬೇಕು. ಆ ಸ್ಥಿತಿಯಲ್ಲಿ ಎರಡು ಬಸ್ ಬದಲಿಸಿ ಒಬ್ಬನೇ ಬರುವುದು ಸುಲಭ ಅಲ್ವಲ್ಲ? ಅರ್ಧ ದಾರಿಯಲ್ಲೇ ಇಳಿದು ವಾಪಸ್ ಹೋದವರನ್ನು ಬಹಳ ನೋಡಿದ್ದೇನೆ. ಮೊದಲ ದಿನ ದಯವಿಟ್ಟು ನೀವೇ ಜೊತೆಗೆ ಬನ್ನಿ.

ಮೊದಲು ಏರಿಸಿಕೊಳ್ಳುತ್ತಿದ್ದವನು, ಈಗ ಅಂಥ ಹುಡುಗರಿಗೇ ತಿಳಿಹೇಳುವ ಪಿಯರ್ ಎಜುಕೇಟರ್:
ಅಕ್ಕ, ಜೈಲಿಂದಲೋ ಡಿ-ಅಡಿಕ್ಷನ್ ಸೆಂಟರಿಂದಲೋ ಬಂದ ಹುಡುಗ ಯಾರು ಅಂತ ವಿಚಾರಿಸುತ್ತಿರಿ. ಮೈಗೆ ಅಭ್ಯಾಸ ತಪ್ಪಿರುತ್ತದೆ, ಹಳೇ ಅಳತೆಯಲ್ಲೇ ಏರಿಸಿಕೊಳ್ಳುತ್ತಾರೆ. ನನ್ನ ಗೆಳೆಯ ಹೊರಗೆ ಬಂದ ಮೂರನೇ ದಿನ ಹಾಗೇ ತೀರಿಹೋದ. ತುಟಿ ನೀಲಿ ಆಗಿತ್ತು, ಗೊರಕೆ ಥರ ಸದ್ದು ಬರುತ್ತಿತ್ತು. ನಿದ್ದೆ ಅಂದುಕೊಂಡೆವು. ಪೊಲೀಸ್ ಕೇಸ್ ಆಗುತ್ತೆ ಅಂತ ಯಾರೂ 108ಕ್ಕೆ ಫೋನ್ ಮಾಡಲಿಲ್ಲ. ಆ ಗೊರಕೆ ನಿದ್ದೆ ಅಲ್ಲ, ಉಸಿರು ಕಟ್ಟುತ್ತಿರುವುದು ಅಂತ ಈಗ ಎಲ್ಲ ಹುಡುಗರಿಗೂ ಹೇಳುತ್ತೇನೆ. ಮಗ್ಗುಲಿಗೆ ಮಲಗಿಸಿ, 108ಕ್ಕೆ ಫೋನ್ ಮಾಡಿ, ಉಸಿರು ನಿಂತರೆ ಬಾಯಿಂದ ಉಸಿರು ಕೊಡಿ. ನಿಮ್ಮ ಸಂಸ್ಥೆಯಲ್ಲಿ ಓವರ್‌ಡೋಸ್ ಇಳಿಸುವ ನಲೋಕ್ಸೋನ್ ಇಂಜೆಕ್ಷನ್ ಇದೆಯಾ, ಯಾರ ಬೀರುವಿನಲ್ಲಿದೆ, ಬೀಗದ ಕೈ ಯಾರ ಹತ್ತಿರ, ನಾಳೆಯೇ ಕೇಳಿ. ನಿಮ್ಮ ಏರಿಯಾ ಯಾವುದು? ಹತ್ತಿರ ಇದ್ದರೆ ಒಂದು ಸಂಜೆ ನಾನೂ ಜೊತೆಗೆ ಬರುತ್ತೇನೆ.