ಪುಟ್ಟಿ, ಜಮಖಾನ ಹಾಸುವ ಮೊದಲು ತಲೆ ಎತ್ತಿ ನೋಡು

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ಟೈಪ್ ಮಾಡುವುದಕ್ಕೆ ನನಗೆ ಕಣ್ಣು ಹಿಡಿಯುವುದಿಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು. ಪೂರ್ತಿ ಕೇಳು, ಅರ್ಧಕ್ಕೆ ನಿಲ್ಲಿಸಬೇಡ.

ಭಾನುವಾರ ಮಕ್ಕಳನ್ನೆಲ್ಲ ಕರೆದುಕೊಂಡು ಲಾಲ್‌ಬಾಗಿಗೆ ಪಿಕ್ನಿಕ್ ಹೋಗೋಣ ಅಂತಿದ್ದೇವೆ, ಅಲ್ಲಿ ಮರಗಳಲ್ಲಿ ಹೆಜ್ಜೇನು ಇದೆ ಅಂತ ಯಾರೋ ಹೆದರಿಸಿದರು, ಹೋಗಬಹುದಾ ದೊಡ್ಡಮ್ಮ, ಊಟಕ್ಕೆ ಏನು ಕಟ್ಟಿಕೊಳ್ಳಲಿ ಅಂತ ಕೇಳಿದ್ದೀಯ.

ಹೋಗಬಹುದು ಕಣೇ. ಹೋಗಲೇಬೇಕು. ಮಕ್ಕಳು ಆ ವೈಟ್‌ಫೀಲ್ಡ್ ಅಪಾರ್ಟ್‌ಮೆಂಟಿನಲ್ಲಿ ಮಣ್ಣು ಮುಟ್ಟದೆ ಬೆಳೆಯುತ್ತಿವೆ. ಆದರೆ ಒಂದು ಮಾತು. ಎಲ್ಲಿ ಕೂತರೂ ಜಮಖಾನ ಹಾಸುವ ಮೊದಲು ತಲೆ ಎತ್ತಿ ಮರ ನೋಡು. ನೆಲ ಎಲ್ಲರೂ ನೋಡುತ್ತಾರೆ, ಇರುವೆ ಇದೆಯಾ, ಕಲ್ಲು ಇದೆಯಾ ಅಂತ. ಮೇಲೆ ಯಾರೂ ನೋಡುವುದಿಲ್ಲ. ನಾನೂ ನೋಡಿರಲಿಲ್ಲ.

1987ರ ಏಪ್ರಿಲ್. ನೀನಿನ್ನೂ ಹುಟ್ಟಿರಲಿಲ್ಲ. ನಿಮ್ಮಣ್ಣನಿಗೆ ನಾಲ್ಕು ವರ್ಷ. ಬೇಸಿಗೆ ರಜೆ ಅಂತ ಹಾಸನದಿಂದ ನಿಮ್ಮ ದೊಡ್ಡಪ್ಪನ ಕಡೆಯವರೆಲ್ಲ ಬಂದಿದ್ದರು. ಒಟ್ಟು ಹದಿನಾಲ್ಕು ಜನ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಪುಳಿಯೋಗರೆ ಕಲಸಿದ್ದೆ, ಮೊಸರನ್ನ ಮಾಡಿದ್ದೆ, ಒಂದು ಡಬ್ಬಿ ಕೋಡುಬಳೆ. ಆಗೆಲ್ಲ ಲಾಲ್‌ಬಾಗಿನೊಳಗೆ ಕೂತು ಆರಾಮವಾಗಿ ಊಟ ಮಾಡುತ್ತಿದ್ದೆವು. ಕೆರೆ ಕಡೆ ಒಂದು ದೊಡ್ಡ ಮರ. ನೆರಳು ಚೆನ್ನಾಗಿದೆ ಅಂತ ಅಲ್ಲೇ ಜಮಖಾನ ಹಾಸಿದೆವು.

ಊಟಕ್ಕೆ ಇನ್ನೂ ಹೊತ್ತಿದೆ ಅಂತ ಎಲ್ಲರೂ ಗಾಜಿನ ಮನೆ ನೋಡುವುದಕ್ಕೆ ಹೊರಟರು. ನಿಮ್ಮಣ್ಣ ನಿದ್ದೆ ಮಾಡುತ್ತಿದ್ದ. ಚೀಲಗಳನ್ನು ಕಾಯುವುದಕ್ಕೆ ನಾನು ಉಳಿದೆ.

ಮೇಲೆ ಕೊಂಬೆಗೆ ಮೊರದಷ್ಟು ದೊಡ್ಡದೊಂದು ಕಪ್ಪಗೆ ಜೋತುಬಿದ್ದಿತ್ತು. ಆಮೇಲೆ ಗೊತ್ತಾಗಿದ್ದು ಇದು. ತುಡುವೆ ಜೇನಾದರೆ ಪೊಟರೆಯೊಳಗೆ ಇರುತ್ತದೆ, ಕಾಣಿಸುವುದಿಲ್ಲ, ಅಷ್ಟು ತೊಂದರೆಯೂ ಇಲ್ಲ. ಹೆಜ್ಜೇನು ಹಾಗಲ್ಲ. ಎತ್ತರದ ಮರದ ಕೊಂಬೆಗೋ ಬಂಡೆಯ ಚಾಚಿಗೋ ಬಿಲ್ಡಿಂಗಿನ ಸಜ್ಜಾದ ಕೆಳಗೋ ಬಯಲಲ್ಲೇ ಒಂದೇ ಹುಟ್ಟು ಕಟ್ಟುತ್ತದೆ. ಹುಳುಗಳೇ ಒಂದರ ಮೇಲೊಂದು ಕೂತು ಅದನ್ನು ಮುಚ್ಚಿಕೊಂಡಿರುತ್ತವೆ. ಅದರ ಪಾಡಿಗೆ ಬಿಟ್ಟರೆ ಏನೂ ಮಾಡುವುದಿಲ್ಲ. ಕೆಣಕಿದರೆ ಇಡೀ ಹಿಂಡೇ ಏಳುತ್ತದೆ.

ಅವತ್ತು ಕೆಣಕಿದ್ದು ಯಾರೋ ನಾಲ್ಕು ಹುಡುಗರು. ಪಕ್ಕದ ಮಾವಿನ ಮರದ ಕಾಯಿಗೆ ಕಲ್ಲು ಹೊಡೆಯುತ್ತಿದ್ದರು. ಒಂದು ಕಲ್ಲು ತಪ್ಪಿ ಈ ಮರಕ್ಕೆ ಬಂತು. ಗುಂಯ್ ಅಂತ ಶಬ್ದ ಶುರುವಾಯಿತು. ನಾನು ಎಲ್ಲೋ ಲಾರಿ ಬರುತ್ತಿದೆ ಅಂದುಕೊಂಡೆ. ತಲೆ ಎತ್ತುವಷ್ಟರಲ್ಲಿ ಹಣೆಗೆ ಒಂದು ಹೊಡೆಯಿತು. ಕೈ ಬೀಸಿದೆ. ಅದೇ ತಪ್ಪು. ಹುಳ ಹೊಡೆದ ಜಾಗದಲ್ಲಿ ಒಂದು ವಾಸನೆ ಉಳಿಯುತ್ತದಂತೆ, ಅದನ್ನು ಹಿಡಿದು ಉಳಿದವೆಲ್ಲ ಅಲ್ಲಿಗೇ ಬರುತ್ತವೆ. ಕೂದಲೊಳಗೆ ಸಿಕ್ಕಿಕೊಂಡವು. ಮಲ್ಲಿಗೆ ಬೇರೆ ಮುಡಿದಿದ್ದೆ. ಮಗುವಿನ ಮೇಲೆ ಜಮಖಾನ ಎಳೆದು ನಾನು ಮೇಲೆ ಬಗ್ಗಿ ಕೂತುಬಿಟ್ಟೆ. ಅದೂ ತಪ್ಪೇ. ಮರದ ಕೆಳಗೆ ಕೂರಬಾರದಿತ್ತು, ಎದ್ದು ಓಡಬೇಕಿತ್ತು. ಏನು ಮಾಡಲಿ, ಆ ಹೊತ್ತಿಗೆ ಕೈಕಾಲೇ ಆಡಲಿಲ್ಲ.

ಒಬ್ಬ ಮಾಲಿ ದೂರದಿಂದ ಕೂಗಿದ. ಅಮ್ಮಾ, ಕೈ ಬೀಸಬೇಡಿ, ಮುಖ ಮುಚ್ಚಿಕೊಂಡು ಓಡಿ ಅಂತ. ಗೋಣಿಚೀಲ ಹೊದ್ದುಕೊಂಡು ಅವನೇ ಓಡಿ ಬಂದ. ಮಗುವನ್ನು ಎತ್ತಿಕೊಂಡು ನಮ್ಮನ್ನು ಸಾಮಾನು ಇಡುವ ಕೋಣೆಗೆ ಸೇರಿಸಿ ಬಾಗಿಲು ಹಾಕಿದ. ಅಲ್ಲೇ ಕೂರಿಸಿ ಉಗುರಿನಲ್ಲಿ ಕೆರೆದು ಕೆರೆದು ಮುಳ್ಳು ತೆಗೆದ. ಇಪ್ಪತ್ಮೂರು. ನಿಮ್ಮಣ್ಣನಿಗೆ ಕಿವಿಯ ಹತ್ತಿರ ಒಂದೇ ಒಂದು. ಆ ಮನುಷ್ಯನ ಹೆಸರು ಕೇಳಲಿಲ್ಲ ನಾನು. ಇವತ್ತಿಗೂ ಅವನನ್ನು ನೆನೆಸಿಕೊಂಡರೆ ಕಣ್ಣು ತುಂಬುತ್ತದೆ. ಮೂರು ದಿನ ಮುಖ ಊದಿ ಕಣ್ಣು ಬಿಡಲಾಗಲಿಲ್ಲ.

ಅದಕ್ಕೇ ಮತ್ತೆ ಹೇಳುತ್ತೇನೆ, ಎಲ್ಲರೂ ಕೇಳಿಸಿಕೊಳ್ಳಿ. ಹಾಸುವ ಮೊದಲು ತಲೆ ಎತ್ತಿ ನೋಡಿ. ಈಗ ಬಿಸಿಲು ಶುರುವಾಗಿದೆ, ಮರಗಳೆಲ್ಲ ಹೂ ಬಿಟ್ಟಿವೆ, ಹೆಜ್ಜೇನು ಕಟ್ಟುವ ಕಾಲ. ಕಪ್ಪಗೆ ಏನಾದರೂ ಜೋತುಬಿದ್ದಿದ್ದರೆ ಆ ಮರ ಬಿಟ್ಟು ದೂರ ಹೋಗಿ. ಮಕ್ಕಳ ಕೈಗೆ ಕಲ್ಲು ಕೊಡಬೇಡಿ. ಸೆಂಟ್ ಹಾಕಿಕೊಳ್ಳಬೇಡಿ. ಅಕಸ್ಮಾತ್ ಎದ್ದರೆ ಮುಖ ಮುಚ್ಚಿಕೊಂಡು ಓಡಿ, ಕಾರೋ ಕೋಣೆಯೋ ಏನು ಸಿಕ್ಕರೂ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಿ. ನೀರಿಗೆ ಮಾತ್ರ ಇಳಿಯಬೇಡಿ, ಮೇಲೇ ಕಾಯುತ್ತವೆ. ಮುಳ್ಳನ್ನು ಬೇಗ ತೆಗೆಯಬೇಕು. ಉಸಿರು ಕಟ್ಟಿದ ಹಾಗಾದರೆ, ತುಟಿ ನಾಲಿಗೆ ಊದಿದರೆ, ತುಂಬಾ ಹುಳ ಹೊಡೆದಿದ್ದರೆ ಮನೆಮದ್ದು ಅಂತ ಸುಣ್ಣ ಹಚ್ಚಿಕೊಂಡು ಕೂರಬೇಡಿ. 108ಕ್ಕೆ ಫೋನ್ ಮಾಡಿ ಸೀದಾ ಆಸ್ಪತ್ರೆಗೆ ಹೋಗಿ.

ಇನ್ನೊಂದು ಹೇಳಲೇಬೇಕು. ಇಷ್ಟು ವರ್ಷ ಹೇಳಿಲ್ಲ. ಅವತ್ತು ಎಲ್ಲರೂ ಗಾಜಿನ ಮನೆ ನೋಡಿಕೊಂಡು ವಾಪಸ್ ಬಂದರು. ನಾನು ಮುಖ ಊದಿಸಿಕೊಂಡು ಆ ಕೋಣೆಯ ಮುಂದೆ ಕೂತಿದ್ದೇನೆ. ಹಾಸನದ ನಮ್ಮ ಓರಗಿತ್ತಿ ಮೊದಲು ಕೇಳಿದ್ದು ಏನು ಗೊತ್ತಾ? ಪುಳಿಯೋಗರೆ ಡಬ್ಬಿ ಎಲ್ಲಿ ಅಂತ. ಆಕೆ ಈಗ ಇಲ್ಲ, ಹೋದವರ ಮೇಲೆ ತಪ್ಪು ಹೇಳಬಾರದು. ಆದರೂ ಆ ಮಾತು ಜೇನಿಗಿಂತ ಜಾಸ್ತಿ ಚುಚ್ಚಿತು. ನಿಮ್ಮ ದೊಡ್ಡಪ್ಪನೂ ಒಂದು ಮಾತು ಆಡಲಿಲ್ಲ.

ಯೋಚನೆ ಮಾಡು. ಬಸವನಗುಡಿಗೆ ಮದುವೆಯಾಗಿ ಬಂದವಳು ನಾನು. ಲಾಲ್‌ಬಾಗ್ ಕೂಗಳತೆಯಲ್ಲಿದೆ. ಆಗಸ್ಟ್ 15ರ ಫ್ಲವರ್ ಶೋ, ಜನವರಿ 26ರ ಫ್ಲವರ್ ಶೋ, ಯಾವ ನೆಂಟರು ಬಂದರೂ ಕರೆದುಕೊಂಡು ಹೋದವಳು ನಾನು. ಬುತ್ತಿ ಕಟ್ಟಿದವಳು ನಾನು, ಚೀಲ ಕಾದವಳು ನಾನು. ಕೆಂಪೇಗೌಡರ ಗೋಪುರ ಇದೆಯಲ್ಲ, ಆ ಬಂಡೆ ಹತ್ತಿದ್ದು ನನಗೆ ಅರವತ್ತೊಂದು ತುಂಬಿದ ಮೇಲೆ. ಮುನ್ನೂರು ಕೋಟಿ ವರ್ಷದ ಬಂಡೆಯಂತೆ ಅದು. ಹೈದರಾಲಿ 1760ರಲ್ಲಿ ತೋಟ ಶುರು ಮಾಡಿದ್ದು, ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಹಾಕಿದ್ದು, ಎಲ್ಲ ಮೊನ್ನೆ ಮೊನ್ನೆ ಅನ್ನಿಸಿಬಿಡುತ್ತದೆ ಅದರ ಮುಂದೆ. ಮೇಲೆ ನಿಂತರೆ ಏನು ಗಾಳಿ ಅಂತೀಯ. ಮನೆ ಪಕ್ಕದಲ್ಲೇ ಇದ್ದಿದ್ದು ನನಗೆ ಕಾಣಲೇ ಇಲ್ಲ ಅಷ್ಟು ವರ್ಷ. ನಿಮ್ಮ ಮನೆಯಲ್ಲಿ ಹಾಗಾಗಬಾರದು. ಚೀಲವನ್ನು ಸರದಿ ಮೇಲೆ ಕಾಯಿರಿ. ನಿನ್ನ ಗಂಡನೂ ಒಂದು ಗಂಟೆ ಕೂರಲಿ, ನೀನು ಮಕ್ಕಳ ಜೊತೆ ಬಂಡೆ ಹತ್ತು.

ಅಯ್ಯೋ, ನೀನು ಕೇಳಿದ್ದು ಊಟದ ವಿಷಯ, ಅಲ್ವಾ? ಅದನ್ನೇ ಬಿಟ್ಟೆ ನೋಡು.

ಬುತ್ತಿ ಕಟ್ಟಿಕೊಂಡು ಹೋಗಬೇಡ ಪುಟ್ಟಿ. ಈಗ ಲಾಲ್‌ಬಾಗಿನೊಳಗೆ ಊಟದ ಡಬ್ಬಿ ಬಿಡುವುದಿಲ್ಲ. ಪ್ಲಾಸ್ಟಿಕ್ಕಂತೂ ಇಲ್ಲವೇ ಇಲ್ಲ. ಕಬ್ಬನ್ ಪಾರ್ಕಿನಲ್ಲೂ ಅಷ್ಟೇ, ಹಾಸಿಕೊಂಡು ಕೂತು ತಿನ್ನುವುದಕ್ಕೆ ಬಿಡುವುದಿಲ್ಲ. ತಿಂದವರು ತಟ್ಟೆ ಲೋಟ ಎಲ್ಲ ಅಲ್ಲೇ ಬಿಸಾಕಿ ಹೋದರು, ಅದಕ್ಕೆ ಇಲಿ, ನಾಯಿ ಎಲ್ಲ ಬಂದವು. ಸಿಟ್ಟು ಬರುತ್ತದೆ ನನಗೂ, ಆದರೆ ಗೇಟಿನವರ ಮೇಲೆ ಅಲ್ಲ. ನೀರಿನ ಸ್ಟೀಲ್ ಬಾಟಲಿ ಇಟ್ಟುಕೊಂಡರೆ ಸಾಕು.

ನಮ್ಮ ಕಡೆಯವರು ಮಾಡುವುದು ಹೀಗೆ. ಬೆಳಿಗ್ಗೆ ಬೇಗ ಹೋಗುವುದು. ಆರಕ್ಕೆ ಗೇಟು ತೆಗೆಯುತ್ತಾರೆ. ನೀವು ವೈಟ್‌ಫೀಲ್ಡಿನಿಂದ ಮೆಟ್ರೋದಲ್ಲಿ ಬನ್ನಿ, ಮೆಜೆಸ್ಟಿಕ್ಕಿನಲ್ಲಿ ಹಸಿರು ಲೈನಿಗೆ ಬದಲಾಯಿಸಿ ಲಾಲ್‌ಬಾಗ್ ಸ್ಟೇಷನ್ನಿನಲ್ಲಿ ಇಳಿಯಿರಿ. ಕಾರು ತಂದರೆ ಪಾರ್ಕಿಂಗಿಗೇ ಅರ್ಧ ದಿನ ಹೋಗುತ್ತದೆ. ಮೊದಲು ಬಂಡೆ ಹತ್ತಿ, ಹೊತ್ತೇರಿದರೆ ಕಾಲಿಡಲಾಗುವುದಿಲ್ಲ. ಅಲ್ಲಿ ಮೇಲೆ ಮರವೂ ಕಡಿಮೆ, ಜೇನಿನ ಭಯವೂ ಕಡಿಮೆ. ಆಮೇಲೆ ಕೆರೆ ಸುತ್ತಿಕೊಂಡು ಆ ದೊಡ್ಡ ಬೂರುಗದ ಮರ ತೋರಿಸು ಮಕ್ಕಳಿಗೆ, ಬುಡದ ಹತ್ತಿರ ನಿಂತರೆ ಮಕ್ಕಳು ಗುಬ್ಬಿಗಳ ಹಾಗೆ ಕಾಣುತ್ತವೆ. ಹತ್ತು ಗಂಟೆಯೊಳಗೆ ಸುತ್ತಾಟ ಮುಗಿಸಿ.

ಅಲ್ಲಿಂದ ಸೀದಾ ನಮ್ಮ ಮನೆಗೆ ಬನ್ನಿ. ತಾರಸಿಗೆ ಪಕ್ಕದ ಹೊಂಗೆ ಮರದ ನೆರಳು ಬೀಳುತ್ತದೆ. ಜೇನು ಇಲ್ಲ, ಇವತ್ತು ಬೆಳಿಗ್ಗೆ ತಾನೇ ನೋಡಿದ್ದೇನೆ. ಅದೇ ಹಳೆ ಜಮಖಾನ ಹಾಸೋಣ. ಪುಳಿಯೋಗರೆ ಗೊಜ್ಜು ನಾನು ಶನಿವಾರವೇ ಕಾಯಿಸಿಡುತ್ತೇನೆ. ಮೊಸರನ್ನಕ್ಕೆ ಅನ್ನ ಮೆತ್ತಗೆ ಮಾಡಿ, ಹಾಲು ಜಾಸ್ತಿ ಹಾಕಿ, ಮೊಸರು ಒಂದೇ ಚಮಚ, ಮಧ್ಯಾಹ್ನದ ಹೊತ್ತಿಗೆ ಹದವಾಗಿರುತ್ತದೆ. ಮುತ್ತುಗದ ಎಲೆ ಗಾಂಧಿ ಬಜಾರಿನಲ್ಲಿ ತರಿಸುತ್ತೇನೆ. ಕೋಡುಬಳೆ ಮಾತ್ರ ನೀನು ತಾ, ನನಗೆ ಈಗ ಬಾಣಲೆ ಮುಂದೆ ನಿಲ್ಲುವುದಕ್ಕಾಗುವುದಿಲ್ಲ.

ಎಷ್ಟು ಜನ ಅಂತ ಶುಕ್ರವಾರದೊಳಗೆ ಹೇಳು. ನಿಮ್ಮಣ್ಣನಿಗೂ ಬರುವುದಕ್ಕೆ ಹೇಳು, ನಾನು ಹೇಳಿದರೆ ಕೆಲಸ ಅಂತಾನೆ. ಬೆಳಿಗ್ಗೆ ಗೇಟಿನ ಹತ್ತಿರ ನಾನೂ ಬರುತ್ತೇನೆ. ನಿಧಾನವಾಗಿ ಹತ್ತುತ್ತೇನೆ, ಸ್ವಲ್ಪ ಕೈ ಹಿಡಿದುಕೋ ಅಷ್ಟೇ.